ನೀರಿಗೆ ಬೆಲೆಪಟ್ಟಿ ಗೊತ್ತಿಲ್ಲ

ಹಾನಗಲ್ ಸೀಮೆಯ ಲಗ್ನದ ಮನೆಗಳಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಕೂತುಬಿಟ್ಟಿದೆ: ವಾಚಿನ ಬೆಲೆ ಎಷ್ಟೋ ಅದರ ಯೋಗ್ಯತೆಯೂ ಅಷ್ಟೇ. ಅಳಿಯನ ಕೈಯಲ್ಲಿ ಹೊಸ ವಾಚು ಕಂಡರೆ ಬೀಗರು, ನೆಂಟರು ಕೇಳುವ ಮೊದಲ ಪ್ರಶ್ನೆ "ಎಷ್ಟು ಬಿತ್ರೀ?" ಎಂಬುದು. ಅದರ ಯಂತ್ರ ಯಾವುದು, ಮಳೆಯಲ್ಲಿ ನೆನೆದರೆ ತಡೆಯುತ್ತದೆಯೇ, ಕೆಟ್ಟರೆ ಬಿಚ್ಚಿ ಸರಿಮಾಡುವವರು ನಮ್ಮ ಕಡೆ ಇದ್ದಾರೆಯೇ ಎಂದು ಕೇಳುವವರಿಲ್ಲ. ಅಡಿಕೆಗೆ ದರ ಬಂದ ವರ್ಷ, ಗುತ್ತಿಗೆಯ ಬಿಲ್ಲು ಪಾಸಾದ ವರ್ಷ, ಈ ನಂಬಿಕೆ ಇನ್ನಷ್ಟು ಬಲಿಯುತ್ತದೆ. ಎಂಟು ಲಕ್ಷದ ವಾಚು ಕಟ್ಟಿದವರು ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ನಾಲ್ಕೂ ತಾಲೂಕು ಸೇರಿಸಿದರೂ ಬಹಳ ಮಂದಿ ಇರಲಿಕ್ಕಿಲ್ಲ. ಆದರೆ ಅದೇ ಶ್ರೇಷ್ಠ, ಉಳಿದದ್ದೆಲ್ಲ ಕೈಲಾಗದವರ ಸಮಾಧಾನ ಎಂದು ನಂಬಿದವರು ಊರೂರಲ್ಲಿ ಇದ್ದಾರೆ. ನನ್ನ ತಕರಾರು ಆ ನಂಬಿಕೆಯ ಮೇಲೆ.

ವಾದ ಗಾಳಿಯಲ್ಲಿ ತೇಲಬಾರದು ಎಂದು ಎರಡು ವಾಚುಗಳನ್ನು ಮುಂದಿಟ್ಟುಕೊಳ್ಳುತ್ತೇನೆ. ಎರಡೂ ಆಟೋಮ್ಯಾಟಿಕ್, ಚಾವಿಯನ್ನಾಗಲಿ ಬ್ಯಾಟರಿಯನ್ನಾಗಲಿ ಕೇಳದೆ ಕೈಯ ಚಲನೆಯಿಂದಲೇ ಸ್ಪ್ರಿಂಗ್ ಸುತ್ತಿಕೊಳ್ಳುವಂಥವು. ಎರಡೂ ಡೈವ್ ವಾಚುಗಳು, ಅಂದರೆ ನೀರಿನಾಳಕ್ಕೆ ಇಳಿಯುವವರಿಗಾಗಿ ಮಾಡಿದವು. ಒಂದು ಸ್ವಿಟ್ಜರ್ಲೆಂಡಿನ ರೋಲೆಕ್ಸ್ ಸಬ್‌ಮರೀನರ್, ಇನ್ನೊಂದು ಜಪಾನಿನ ಸಿಟಿಜನ್ ಪ್ರೊಮಾಸ್ಟರ್ ಎನ್‌ವೈ 0040. ಮೊದಲನೆಯದರ ಬೆಲೆ ಎಂಟು ಲಕ್ಷ ರೂಪಾಯಿ ದಾಟುತ್ತದೆ, ಎರಡನೆಯದು ಮೂವತ್ತು ಸಾವಿರದ ಆಸುಪಾಸು. ಮೊದಲನೆಯದರ ದುಡ್ಡಿಗೆ ನಮ್ಮ ಹೊಲಕ್ಕೆ ಒಂದು ಟ್ರ್ಯಾಕ್ಟರ್ ಬರುತ್ತದೆ. ಇಪ್ಪತ್ತೈದು ಪಟ್ಟಿಗೂ ಮೀರಿದ ಈ ಅಂತರದಲ್ಲಿ ಗಡಿಯಾರದ ಕೆಲಸಕ್ಕೆ ಸಂದದ್ದೆಷ್ಟು, ಹೆಸರಿಗೆ ಸಂದದ್ದೆಷ್ಟು ಎಂಬುದೇ ಪ್ರಶ್ನೆ.

ನೀರಿನಿಂದಲೇ ಶುರುಮಾಡೋಣ, ಡೈವ್ ವಾಚು ಹುಟ್ಟಿದ್ದೇ ನೀರಿಗಾಗಿ. ಡೈವ್ ವಾಚು ಎಂದು ಕರೆಸಿಕೊಳ್ಳಲು ಏನೇನಿರಬೇಕು ಎಂಬುದಕ್ಕೆ ಐಎಸ್‌ಒ 6425 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಕನಿಷ್ಠ 100 ಮೀಟರ್ ಆಳದ ಒತ್ತಡ ತಡೆಯಬೇಕು. ಡಯಲಿನ ಮೇಲೆ ಬರೆದ ಆಳಕ್ಕಿಂತ ಕಾಲುಪಾಲು ಹೆಚ್ಚಿನ ಒತ್ತಡದಲ್ಲಿ ಪರೀಕ್ಷೆಯಾಗಬೇಕು. ಕತ್ತಲಲ್ಲಿ 25 ಸೆಂಟಿಮೀಟರ್ ದೂರದಿಂದ ಸಮಯ ಓದಲು ಬರಬೇಕು. ಉಪ್ಪುನೀರಿಗೂ ಅಯಸ್ಕಾಂತಕ್ಕೂ ಜಗ್ಗಬಾರದು. ಸಿಟಿಜನ್ ಡಯಲಿನ ಮೇಲೆ ‘ಡೈವರ್ಸ್ 200 ಮೀ’ ಎಂದಿದೆ. ಆ ಬರಹ ಈ ಮಾನದಂಡಕ್ಕೆ ಕೊಟ್ಟ ಮಾತು. 200 ಮೀಟರಿನ ವಾಚು 250 ಮೀಟರಿನ ಒತ್ತಡದಲ್ಲಿ ಪಾಸಾಗಬೇಕು. ರೋಲೆಕ್ಸ್ ತನ್ನ 300 ಮೀಟರಿನ ಸಬ್‌ಮರೀನರಿಗೂ ಅದೇ ಕಾಲುಪಾಲು ಹೆಚ್ಚುವರಿ ಒತ್ತಡ ಹಾಕಿ ನೋಡುತ್ತದೆ. ಪರೀಕ್ಷೆಯ ಶಿಸ್ತು ಎರಡಕ್ಕೂ ಒಂದೇ ತೆರನಾದದ್ದು.

ಆ ಆಳವಾದರೂ ನಮಗೆ ಎಲ್ಲಿದೆ? ಹಾನಗಲ್ಲಿನಿಂದ ಶಿರಸಿ ದಾಟಿ ಘಟ್ಟ ಇಳಿದರೆ ಕರಾವಳಿ. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ನಮ್ಮ ಹುಡುಗರೂ ಈಗ ಸ್ಕೂಬಾ ಮಾಡಿ ಬರುತ್ತಾರೆ. ಮೊದಲ ಸಲ ಇಳಿಯುವವರನ್ನು ಹತ್ತು ಹನ್ನೆರಡು ಮೀಟರಿಗಿಂತ ಕೆಳಗೆ ಒಯ್ಯುವುದಿಲ್ಲ. ಹವ್ಯಾಸಿ ಮುಳುಗುಗಾರಿಕೆಗೆ ಜಗತ್ತಿನಾದ್ಯಂತ ಒಪ್ಪಿಕೊಂಡ ಗರಿಷ್ಠ ಮಿತಿ 40 ಮೀಟರ್. ಪ್ರತಿ 10 ಮೀಟರಿಗೆ ಒಂದು ವಾಯುಮಂಡಲದಷ್ಟು ಒತ್ತಡ ಏರುತ್ತದೆ. 40 ಮೀಟರಿನಲ್ಲಿ ನೆಲದ ಮೇಲಿನದಕ್ಕಿಂತ ಐದು ಪಟ್ಟು. ಮನುಷ್ಯ ಅಲ್ಲಿಂದ ಮೇಲಕ್ಕೆ ಬರಲೇಬೇಕು, ವಾಚು ಬರಬೇಕಿಲ್ಲ. 200 ಮೀಟರಿನದೂ ಬರಬೇಕಿಲ್ಲ, 300 ಮೀಟರಿನದೂ ಬರಬೇಕಿಲ್ಲ. ಇನ್ನು ಧರ್ಮಾ ನದಿ, ಆನೆಕೆರೆ, ಹಿರೇಕೆರೂರಿನ ಕಡೆಯ ಮದಗ ಮಾಸೂರು ಕೆರೆ ಇವುಗಳಲ್ಲಿ ಈಜುವವನ ಕೈಯಲ್ಲಿ ಆ ಹೆಚ್ಚಿನ ನೂರು ಮೀಟರಿಗೆ ಏನೂ ಕೆಲಸವಿಲ್ಲ.

ಇಲ್ಲೊಂದು ಎಚ್ಚರಿಕೆ ಹೇಳಿಬಿಡಬೇಕು, ಬೆಲೆಯನ್ನು ನಂಬಿದವರು ನಿಜವಾಗಿ ಮೋಸಹೋಗುವುದು ಈ ಜಾಗದಲ್ಲಿ. ಲಕ್ಷಗಟ್ಟಲೆ ಬೆಲೆಯ ಎಷ್ಟೋ ಸೊಗಸಿನ ವಾಚುಗಳ ಹಿಂಬದಿಯಲ್ಲಿ ಬರೀ 30 ಮೀಟರ್ ಎಂದು ಬರೆದಿರುತ್ತದೆ. ಅದರರ್ಥ 30 ಮೀಟರ್ ಆಳಕ್ಕೆ ಇಳಿಯಬಹುದು ಎಂದಲ್ಲ. ಕೈ ತೊಳೆಯುವಾಗ ಸಿಡಿದ ನೀರು, ನಾಲ್ಕು ಹನಿ ಮಳೆ, ಅಷ್ಟಕ್ಕೇ ಅದು. ಅಂಥ ವಾಚು ಕಟ್ಟಿಕೊಂಡು ಹಾನಗಲ್ಲಿನ ಅರೆಮಲೆನಾಡಿನ ಆಷಾಢದಲ್ಲಿ ಭತ್ತದ ಗದ್ದೆಗೆ ಇಳಿದರೆ ಗಾಜಿನೊಳಗೆ ಮಂಜು ಕಟ್ಟುತ್ತದೆ. ಮೂವತ್ತು ಸಾವಿರದ ಡೈವ್ ವಾಚಿಗೆ ಆ ಗದ್ದೆಯೂ ಆ ಮಳೆಯೂ ಲೆಕ್ಕಕ್ಕಿಲ್ಲ.

ನೀರು ಒಳಗೆ ಹೋಗದಂತೆ ತಡೆಯುವುದಾದರೂ ಏನು? ಹಿಂಬದಿಯ ಮುಚ್ಚಳದ ಕೆಳಗೆ, ಚಾವಿಯ ಗುಂಡಿಯೊಳಗೆ, ಗಾಜಿನ ಅಂಚಿನಲ್ಲಿ ಕೂತ ವಾಷರುಗಳು. ಎಂಟು ಲಕ್ಷದ್ದರಲ್ಲೂ ಆ ಕೆಲಸ ಮಾಡುವುದು ಅವೇ. ವರ್ಷ ಕಳೆದಂತೆ ರಬ್ಬರು ಬಿರುಸಾಗುತ್ತದೆ. ಬೆವರು, ಸಾಬೂನು, ಬಿಸಿನೀರು, ಹೊಲಕ್ಕೆ ಹೊಡೆಯುವ ಔಷಧ ಅದನ್ನು ಇನ್ನೂ ಬೇಗ ಕೊಲ್ಲುತ್ತವೆ. ವಾಷರು ಸತ್ತ ಸಬ್‌ಮರೀನರಿಗಿಂತ ವಾಷರು ಬದಲಿಸಿದ ಸಿಟಿಜನ್ ನೀರಿನಲ್ಲಿ ಹೆಚ್ಚು ಭದ್ರ. ಡಯಲಿನ ಮೇಲೆ ಯಾವ ಹೆಸರಿದೆ ಎಂದು ನೀರು ಓದಿ ನೋಡುವುದಿಲ್ಲ.

1977ರ ಸಿಟಿಜನ್ ಚಾಲೆಂಜ್ ಡೈವರ್ ಎಂಬ ವಾಚಿನ ಕತೆ ಗಡಿಯಾರ ಬಲ್ಲವರಿಗೆ ಗೊತ್ತು. ಅಂಥದೊಂದು ವಾಚು 1983ರಲ್ಲಿ ಆಸ್ಟ್ರೇಲಿಯಾದ ಲಾಂಗ್ ರೀಫ್ ಕಡಲತೀರದಲ್ಲಿ ಸಿಕ್ಕಿತು. ಮೈತುಂಬ ಕಡಲಚಿಪ್ಪು ಹತ್ತಿ, ವರ್ಷಗಟ್ಟಲೆ ಸಮುದ್ರದಲ್ಲಿ ಬಿದ್ದಿದ್ದರೂ ಅದರ ಯಂತ್ರ ಇನ್ನೂ ನಡೆಯುತ್ತಿತ್ತು. ರೋಲೆಕ್ಸಿನ ಭಕ್ತರು ಇದಕ್ಕೆ 1960ರ ತ್ರಿಯೆಸ್ತೆ ನೌಕೆಯನ್ನು ತೋರಿಸುತ್ತಾರೆ. ಹೌದು, ಆ ನೌಕೆಯ ಹೊರಮೈಗೆ ಕಟ್ಟಿದ್ದ ರೋಲೆಕ್ಸ್ ಮರಿಯಾನಾ ಕಂದಕದ ತಳಕ್ಕೆ, ಹತ್ತಿರಹತ್ತಿರ 11 ಕಿಲೋಮೀಟರ್ ಆಳಕ್ಕೆ ಹೋಗಿ ಬಂದಿತು. ದೊಡ್ಡ ಸಾಧನೆಯೇ. ಆದರೆ ಅದು ಪ್ರಯೋಗಕ್ಕೆಂದೇ ಮಾಡಿದ, ಗೋಳದಂತೆ ಉಬ್ಬಿದ ಗಾಜಿನ ಬೇರೆಯೇ ವಾಚು. ಅದರ ಕೀರ್ತಿಯನ್ನು ಅಂಗಡಿಯ ಸಬ್‌ಮರೀನರಿನ ಬೆಲೆಗೆ ಸೇರಿಸುವುದು ನ್ಯಾಯವಲ್ಲ.

ಈಗ ಸಮಯದ ಮಾತು. ಸಬ್‌ಮರೀನರ್ ನಿಜವಾಗಿಯೂ ಮುಂದಿರುವುದು ಇಲ್ಲಿ, ಅದನ್ನು ಮುಚ್ಚಿಡಬಾರದು. ಅದರ 3230 ಯಂತ್ರ ದಿನಕ್ಕೆ ಹಿಂದೆಮುಂದೆ 2 ಸೆಕೆಂಡಿನೊಳಗೆ ನಡೆಯುತ್ತದೆ ಎಂದು ಕಂಪನಿ ಮಾತು ಕೊಡುತ್ತದೆ. ಸ್ವಿಸ್ ಕ್ರೋನೋಮೀಟರ್ ಸಂಸ್ಥೆಯ ಅಳತೆಯೇ 4 ಸೆಕೆಂಡ್ ಹಿಂದೆ, 6 ಸೆಕೆಂಡ್ ಮುಂದೆ. ಸಿಟಿಜನ್ನಿನ 8200 ಸಾಲಿನ ಯಂತ್ರಕ್ಕೆ ಕಂಪನಿ ಹೇಳುವುದು 20 ಸೆಕೆಂಡ್ ಹಿಂದೆ, 40 ಸೆಕೆಂಡ್ ಮುಂದೆ. ಕಾಗದದ ಮೇಲೆ ಇದು ದೊಡ್ಡ ಅಂತರ. ದಿನಕ್ಕೆ 40 ಸೆಕೆಂಡ್ ಎಂದರೆ ತಿಂಗಳಿಗೆ 20 ನಿಮಿಷ. ಆದರೆ ಇದು ಕಂಪನಿ ಹಾಕಿಕೊಂಡ ಅತಿ ಸಡಿಲ ಬೇಲಿ, ಕೈಗೆ ಬರುವ ವಾಚುಗಳು ಸಾಮಾನ್ಯವಾಗಿ ಇದಕ್ಕಿಂತ ಎಷ್ಟೋ ಒಳ್ಳೆಯದಾಗಿ ನಡೆಯುತ್ತವೆ. ತೀರ ಓಡುತ್ತಿದ್ದರೆ, ಬ್ಯಾಲೆನ್ಸ್ ಚಕ್ರದ ಮೇಲಿನ ಸಣ್ಣ ಕಡ್ಡಿಯನ್ನು ಕೂದಲೆಳೆಯಷ್ಟು ಸರಿಸಿ ಬಲ್ಲ ರಿಪೇರಿಯವರು ಅದನ್ನು ಹದಕ್ಕೆ ತರುತ್ತಾರೆ.

ನಿಖರತೆಗಾಗಿಯೇ ಎಂಟು ಲಕ್ಷ ಕೊಟ್ಟೆ ಎನ್ನುವವರು ಇನ್ನೊಂದು ಲೆಕ್ಕಕ್ಕೆ ಉತ್ತರ ಹೇಳಬೇಕು. ಬಸ್ ಸ್ಟ್ಯಾಂಡಿನ ಪಕ್ಕದ ಅಂಗಡಿಯಲ್ಲಿ ಸಾವಿರ ಎರಡು ಸಾವಿರಕ್ಕೆ ಸಿಗುವ ಸಾಧಾರಣ ಕ್ವಾರ್ಟ್ಜ್ ವಾಚು ತಿಂಗಳಿಗೆ 20 ಸೆಕೆಂಡ್ ಆಚೀಚೆ ಹೋಗುತ್ತದೆ. ದಿನಕ್ಕೆ 2 ಸೆಕೆಂಡಿನ ಸಬ್‌ಮರೀನರ್ ತಿಂಗಳಿಗೆ ಒಂದು ನಿಮಿಷದವರೆಗೆ ತಪ್ಪಬಹುದು. 1969ರಲ್ಲಿ ಸೈಕೋ ಕಂಪನಿ ಮೊದಲ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರಾಟಕ್ಕಿಟ್ಟ ದಿನವೇ ಈ ಸ್ಪರ್ಧೆ ಮುಗಿದಿದೆ. ನಿಖರತೆಯೇ ಯೋಗ್ಯತೆಯಾದರೆ ಎಂಟು ಲಕ್ಷದ ವಾಚು ಎರಡು ಸಾವಿರದ್ದಕ್ಕೆ ಸೋತಿದೆ. ಯೋಗ್ಯತೆ ಬೇರೆಲ್ಲೋ ಇದೆ ಎನ್ನುವುದಾದರೆ ಮೂವತ್ತು ಸಾವಿರದ ಆಟೋಮ್ಯಾಟಿಕ್ಕನ್ನು ನಿಖರತೆಯ ಹೆಸರಿನಲ್ಲಿ ತಳ್ಳಿಹಾಕುವ ಹಕ್ಕು ಇವರಿಗೆ ಉಳಿಯುವುದಿಲ್ಲ.

ಉಳಿದ ಮೇಲುಗೈಗಳನ್ನೂ ಹೇಳಿಬಿಡುತ್ತೇನೆ. ಸಬ್‌ಮರೀನರ್ ಬಿಚ್ಚಿಟ್ಟರೆ 70 ತಾಸು ನಡೆಯುತ್ತದೆ, ಸಿಟಿಜನ್ ನಲವತ್ತು ತಾಸಿನ ಸುತ್ತಮುತ್ತ. ಅದರ ನೀಲಮಣಿ ಗಾಜಿಗೆ ಗೀರು ಬೀಳುವುದು ಕಷ್ಟ, ಸಿಟಿಜನ್ನಿನ ಮಿನರಲ್ ಗಾಜಿಗೆ ಬೀಳುತ್ತದೆ. ಆದರೆ ಆ ಗಾಜು ಬದಲಿಸುವ ಖರ್ಚು ದೊಡ್ಡದಲ್ಲ. ಸಬ್‌ಮರೀನರಿನ ಬೆಜಲ್ ಸೆರಾಮಿಕ್, ಬಣ್ಣ ಮಾಸುವುದಿಲ್ಲ. ಉಕ್ಕೂ ಮೇಲ್ತರದ್ದು, ಪಾಲಿಶು ಚಂದ. ಇವೆಲ್ಲ ನಿಜ. ಇವೆಲ್ಲ ಸೇರಿ ಒಂದು ವಾಚು ಇನ್ನೊಂದಕ್ಕಿಂತ ಎರಡು ಪಟ್ಟು, ಮೂರು ಪಟ್ಟು ಬೆಲೆಯದಾಗಲಿ, ಒಪ್ಪುತ್ತೇನೆ. ಇಪ್ಪತ್ತೈದು ಪಟ್ಟಿಗೆ ಇವು ಸಾಕ್ಷಿಯಾಗುವುದಿಲ್ಲ.

ಬೆಜಲ್ ಮಾತು ಬಂತು. ಡೈವ್ ವಾಚಿನ ಸುತ್ತಲಿನ ಆ ತಿರುಗುವ ಬಳೆ ಒಂದೇ ದಿಕ್ಕಿಗೆ ತಿರುಗುತ್ತದೆ. ನೀರಿನಲ್ಲಿ ಏನಾದರೂ ತಗಲಿ ಅಕಸ್ಮಾತ್ ಸರಿದರೂ ಕಳೆದ ಸಮಯ ಹೆಚ್ಚೆಂದೇ ತೋರಬೇಕು, ಕಡಿಮೆಯೆಂದು ತೋರಿ ಮುಳುಗಿದವನ ಉಸಿರಿಗೆ ಸಂಚಕಾರ ತರಬಾರದು ಎಂಬ ಯೋಚನೆ ಅದರ ಹಿಂದಿದೆ. ಎಷ್ಟು ಸರಳ, ಎಷ್ಟು ಕರುಣೆಯ ಯೋಚನೆ! ತ್ರೀಫೇಸ್ ಕರೆಂಟು ಬಂದಾಗ ಮೋಟರ್ ಚಾಲು ಮಾಡಿ ಬೆಜಲ್ಲಿನ ಚುಕ್ಕೆಯನ್ನು ನಿಮಿಷದ ಮುಳ್ಳಿಗೆ ತಂದಿಟ್ಟರೆ, ಒಂದು ಮಡಿಗೆ ಎಷ್ಟು ಹೊತ್ತು ನೀರು ಬಿಟ್ಟೆವು ಎಂಬುದು ನಮ್ಮ ರೈತನಿಗೂ ಅಲ್ಲೇ ಕಾಣುತ್ತದೆ. ಇದು ಎರಡೂ ವಾಚಿನಲ್ಲಿದೆ. ಎರಡರಲ್ಲೂ ಅದೇ ಕೆಲಸ ಮಾಡುತ್ತದೆ.

ಹಾಗಾದರೆ ಬೆಲೆ ಏರಿದ್ದು ಎಲ್ಲಿ? ಸಬ್‌ಮರೀನರ್ ಹುಟ್ಟಿದ 1953ರಲ್ಲಿ ಅದು ಕೆಲಸದ ಉಪಕರಣ. 1950ರ ದಶಕದಲ್ಲಿ ಅಮೆರಿಕದಲ್ಲಿ ಅದರ ಬೆಲೆ ಸುಮಾರು 150 ಡಾಲರ್. ಹಣದುಬ್ಬರ ಲೆಕ್ಕ ಹಾಕಿದರೂ ಇಂದಿಗೆ ಎರಡು ಸಾವಿರ ಡಾಲರಿನೊಳಗೇ ಬರುತ್ತದೆ. ಇವತ್ತು ಅದಕ್ಕೆ ಒಂಬತ್ತು ಸಾವಿರ ಡಾಲರಿಗೂ ಹೆಚ್ಚು. ವಾಚು ಸುಧಾರಿಸಿದೆ, ಅನುಮಾನವಿಲ್ಲ. ಆದರೆ ಈ ಏರಿಕೆಯ ಬಹುಪಾಲು ಕೂತಿರುವುದು ಹೆಸರಿನಲ್ಲಿ, ಸರದಿ ಕಾಯಿಸುವ ವ್ಯಾಪಾರದಲ್ಲಿ, ಕಟ್ಟಿಕೊಂಡವನನ್ನು ಜನ ನೋಡುವ ಕಣ್ಣಿನಲ್ಲಿ.

ನಾವು ಕರ್ನಾಟಕದವರು ಈ ಕಣ್ಣನ್ನು ಎಷ್ಟು ಬೆಳೆಸಿಕೊಂಡಿದ್ದೇವೆ ಎಂಬುದಕ್ಕೆ 2016ನೇ ಇಸವಿ ಸಾಕು. ಆ ವರ್ಷ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಕೈಯಲ್ಲಿದ್ದ ಹ್ಯೂಬ್ಲೋ ವಾಚಿನ ಮೇಲೆ ಇಡೀ ರಾಜ್ಯ ವಾರಗಟ್ಟಲೆ ಮಾತಾಡಿತು. ಕೊಟ್ಟವರು ಯಾರು, ಎಷ್ಟು ಲಕ್ಷ ಎಂಬ ಚರ್ಚೆ ನಡೆದು ಕೊನೆಗೆ ಆ ವಾಚು ಸರ್ಕಾರದ ಸ್ವತ್ತಾಯಿತು. ಅಧಿಕಾರದಲ್ಲಿದ್ದವರ ಉಡುಗೊರೆಯ ಬಗ್ಗೆ ಪ್ರಶ್ನೆ ಕೇಳಿದ್ದು ಸರಿಯೇ. ಆದರೆ ಅದೇ ವರ್ಷದ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತ್ತು. 1961ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ, 1978ರಲ್ಲಿ ತುಮಕೂರಿಗೂ ಬಂದು, ನಮ್ಮ ಅಪ್ಪ ಅಜ್ಜಂದಿರ ಕೈಗೆ ಮೊದಲ ಗಡಿಯಾರ ಕಟ್ಟಿದ ಕಾರ್ಖಾನೆ ಅದು. ಒಬ್ಬರ ಒಂದು ವಾಚಿನ ಬೆಲೆಗೆ ನಾವು ಕೊಟ್ಟ ಗಮನದ ಕಾಲುಪಾಲನ್ನೂ ಈ ಸುದ್ದಿಗೆ ಕೊಡಲಿಲ್ಲ. ಗಡಿಯಾರ ಮಾಡುವ ವಿದ್ಯೆ ರಾಜ್ಯದಿಂದ ಹೋಗುತ್ತಿದ್ದಾಗ ನಾವು ಬೆಲೆ ಎಣಿಸುತ್ತಿದ್ದೆವು. ಈ ನೋವು ನನಗೆ ಇವತ್ತಿಗೂ ಆರಿಲ್ಲ.

ಎಚ್‌ಎಂಟಿಗೆ ವಾಚು ಮಾಡುವ ತಂತ್ರವನ್ನು ಕೊಟ್ಟವರು ಯಾರು? ಇದೇ ಸಿಟಿಜನ್. ಜನತಾ, ಪೈಲಟ್ ಮುಂತಾದ ಚಾವಿ ವಾಚುಗಳು, ಲಗ್ನದ ಉಡುಗೊರೆಯಾಗಿ ಹೆಸರಾದ ಆಟೋಮ್ಯಾಟಿಕ್ ಕಾಂಚನ್, ಇವೆಲ್ಲ ಆ ಜಪಾನಿ ಪಾಠದ ಮೇಲೆ ನಿಂತವು. ನಮ್ಮ ಸಣ್ಣ ಊರುಗಳ ರಿಪೇರಿಯವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೈ ಪಳಗಿಸಿಕೊಂಡದ್ದು ಎಚ್‌ಎಂಟಿಯ ಮೇಲೆ. ಎಚ್‌ಎಂಟಿ ಆಟೋಮ್ಯಾಟಿಕ್ ಬಿಚ್ಚಿ ಜೋಡಿಸಿದ ಕೈಗೆ ಸಿಟಿಜನ್ ಯಂತ್ರ ಪರಕೀಯವಲ್ಲ. 8200 ಸಾಲಿನ ಯಂತ್ರ ದಶಕಗಳಿಂದ ಲಕ್ಷಾಂತರ ವಾಚುಗಳಲ್ಲಿ ಓಡುತ್ತಿದೆ, ಬಿಡಿಭಾಗ ಹುಡುಕಿದರೆ ಸಿಗುತ್ತದೆ. ತೀರ ಕೆಟ್ಟುಹೋದರೆ ಇಡೀ ಯಂತ್ರವನ್ನೇ ಕೆಲವು ಸಾವಿರಕ್ಕೆ ಬದಲಿಸಬಹುದು.

ಸಬ್‌ಮರೀನರ್ ಕೆಟ್ಟರೆ? ರೋಲೆಕ್ಸ್ ತನ್ನ ಬಿಡಿಭಾಗಗಳನ್ನು ಹೊರಗಿನ ರಿಪೇರಿಯವರಿಗೆ ಮುಕ್ತವಾಗಿ ಮಾರುವುದಿಲ್ಲ. ಹಾನಗಲ್ಲಿನವರಿರಲಿ, ಹುಬ್ಬಳ್ಳಿಯ ಎಷ್ಟೇ ನುರಿತ ಕೈಯಾದರೂ ಅಸಲಿ ಬಿಡಿಭಾಗವಿಲ್ಲದೆ ಸುಮ್ಮನೆ ಕೂರಬೇಕು. ವಾಚು ಮಹಾನಗರದ ಅಧಿಕೃತ ಕೇಂದ್ರಕ್ಕೆ ಹೋಗಬೇಕು, ಅಲ್ಲಿನ ಒಂದು ಪೂರ್ತಿ ಸರ್ವೀಸಿನ ಖರ್ಚಿನಲ್ಲಿ ಇಲ್ಲೊಂದು ಹೊಸ ಸಿಟಿಜನ್ ಬರುತ್ತದೆ. "ಒಮ್ಮೆ ತಗೊಂಡ್ರ ಮೂರು ತಲಿಗೆ ಆಗ್ತದ" ಎನ್ನುತ್ತಾರಲ್ಲ, ಆ ಮೂರು ತಲೆಮಾರೂ ದೂರದ ಒಂದು ಕಿಟಕಿಯ ಮುಂದೆ ನಿಂತೇ ಕಾಲ ಕಳೆಯಬೇಕು. ತಲೆಮಾರುಗಳಿಗೆ ಬಾಳುವುದು ಎಂದರೆ ಊರಿನ ಕೈ ಅದನ್ನು ಬದುಕಿಸಿಕೊಂಡು ಹೋಗುವುದು. ಸವಣೂರಿನ ಯಾವುದೋ ಮನೆಯಲ್ಲಿ ಅಜ್ಜನ ಎಚ್‌ಎಂಟಿ ಇನ್ನೂ ನಡೆಯುತ್ತಿದ್ದರೆ ಅದಕ್ಕೆ ಕಾರಣ ಪಕ್ಕದ ಬೀದಿಯ ರಿಪೇರಿಯವರು ಅದನ್ನು ಬಿಚ್ಚಬಲ್ಲರು ಎಂಬುದು. ಅದರ ಬೆಲೆ ಕಾರಣವಲ್ಲ.

ಇನ್ನೊಂದು ವಾದವಿದೆ, ಅದು ಹೆಚ್ಚು ಅಪಾಯಕಾರಿ: ದುಬಾರಿ ವಾಚು ಆಸ್ತಿ, ಬಂಗಾರದ ಹಾಗೆ ಬೆಳೆಯುತ್ತದೆ. 2022ರ ಆರಂಭದಲ್ಲಿ ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ ಇಂಥ ವಾಚುಗಳ ದರ ಮುಗಿಲು ಮುಟ್ಟಿತ್ತು. ಆ ಮೇಲೆ ಇಳಿಯಿತು. ಮೇಲಿನ ದರಕ್ಕೆ ಕೊಂಡವರು ಕಳಕೊಂಡರು. ಹಿರೇಕೆರೂರಿನ ರೈತನಿಗೆ ಬಿತ್ತನೆಯ ಹೊತ್ತಿಗೆ ಹಣ ಬೇಕಾದರೆ ಹೆಂಡತಿಯ ಬಂಗಾರದ ಸರ ಸೊಸೈಟಿಯಲ್ಲೋ ಬ್ಯಾಂಕಿನಲ್ಲೋ ಅಡವಿಟ್ಟರೆ ಅದೇ ದಿನ ಸಾಲ ಹುಟ್ಟುತ್ತದೆ. ರೋಲೆಕ್ಸ್ ಬಿಚ್ಚಿ ಕೌಂಟರಿನ ಮೇಲಿಟ್ಟರೆ ಯಾವ ಸೊಸೈಟಿಯ ಕಾರ್ಯದರ್ಶಿಯೂ ಅದನ್ನು ತೂಗಿ ಸಾಲ ಬರೆಯುವುದಿಲ್ಲ. ಆಪತ್ತಿಗೆ ಒದಗದ್ದನ್ನು ಆಸ್ತಿ ಎನ್ನಬೇಡಿ. ಅಡಿಕೆಯ ದುಡ್ಡು ಕೈಗೆ ಬಂದ ಹುಡುಗರಿಗೆ ಈ ಮಾತನ್ನು ಮತ್ತೆ ಮತ್ತೆ ಹೇಳಬೇಕಾಗಿದೆ.

ಈ ನಂಬಿಕೆಯ ಪೆಟ್ಟು ಹೆಚ್ಚಾಗಿ ಬೀಳುವುದು ಕೊಳ್ಳಲಾಗದವರ ಮೇಲೆ. ಎಂಟು ಲಕ್ಷದ ಮೋಹ ಹತ್ತಿದವನು ಮೂವತ್ತು ಸಾವಿರದ ಅಸಲಿ ಡೈವ್ ವಾಚಿನ ಮುಂದೆ ಮೂಗು ಮುರಿಯುತ್ತಾನೆ, ಎರಡು ಮೂರು ಸಾವಿರಕ್ಕೆ ‘ಫಸ್ಟ್ ಕಾಪಿ’ ಸಬ್‌ಮರೀನರ್ ಕೊಳ್ಳುತ್ತಾನೆ. ಅದರ ಡಯಲಿನ ಮೇಲೂ 300 ಮೀಟರ್ ಎಂದೇ ಅಚ್ಚಾಗಿರುತ್ತದೆ. ಅದನ್ನು ನಂಬಿ ಕೆರೆಗೆ ಹಾರಿದರೆ ಮೇಲೆ ಬರುವ ಹೊತ್ತಿಗೆ ಮುಳ್ಳು ನಿಂತಿರುತ್ತದೆ. ಮಗಳ ಲಗ್ನಕ್ಕೆ ಸಾಲ ಎತ್ತಿದ ತಂದೆ, ವರನ ಕಡೆಯವರ ಮುಖ ನೋಡಿ ಸ್ವಿಸ್ ವಾಚಿಗೆ ಕಂತು ಕಟ್ಟುತ್ತಾನೆ. ಬೆಲೆಯೇ ಯೋಗ್ಯತೆ ಎಂಬ ಮಾತು ನಕಲಿ ಮಾರುವವನಿಗೂ ಸಾಲ ಕೊಡುವವನಿಗೂ ಲಾಭ ತಂದಿದೆ, ವಾಚು ಕಟ್ಟುವವನಿಗೆ ತಂದಿಲ್ಲ.

"ಅವರ ದುಡ್ಡು, ಅವರ ಖುಷಿ, ನಿಮಗೇನು ನೋವು?" ಎಂದು ಕೇಳಬಹುದು. ತನ್ನ ದುಡಿಮೆಯ ದುಡ್ಡಿನಲ್ಲಿ, ಅದರ ಸೊಗಸಿಗೆ ಮನಸೋತು ಸಬ್‌ಮರೀನರ್ ಕೊಂಡು "ಚಂದ ಕಂಡಿತು, ತಗೊಂಡೆ" ಎನ್ನುವವರೊಂದಿಗೆ ನನಗೆ ಜಗಳವಿಲ್ಲ. ಅದು ಪ್ರಾಮಾಣಿಕ ಉತ್ತರ. ಜಗಳವಿರುವುದು ಆ ಸೊಗಸನ್ನು ಯೋಗ್ಯತೆಯೆಂದು ಸಾರಿ, ಪಕ್ಕದವನ ಕೈಯ ಸಿಟಿಜನ್ನನ್ನೋ ಸೈಕೋವನ್ನೋ ಅಪ್ಪನ ಎಚ್‌ಎಂಟಿಯನ್ನೋ ಕೀಳುಗಾಣುವವರೊಂದಿಗೆ. 200 ಮೀಟರಿನ ಪರೀಕ್ಷೆ ಗೆದ್ದ, ನಮ್ಮ ಊರಿನ ಕೈ ಬಿಚ್ಚಿ ಸರಿಮಾಡಬಲ್ಲ ಮೂವತ್ತು ಸಾವಿರದ ವಾಚು ನಮ್ಮ ನೆಲಕ್ಕೆ, ನಮ್ಮ ಮಳೆಗೆ, ನಮ್ಮ ಬದುಕಿಗೆ ಎಂಟು ಲಕ್ಷದ್ದಕ್ಕಿಂತ ಮೇಲಾದ ವಾಚು. ಇದು ನನ್ನ ಖಚಿತ ಅಭಿಪ್ರಾಯ.

ಒಂದು ಕೊರತೆ ಮಾತ್ರ ನಮ್ಮ ಕಡೆಯೇ ಇದೆ. ಡೈವ್ ವಾಚಿನ ಮುಚ್ಚಳ ಒಮ್ಮೆ ತೆರೆದರೆ ಹೊಸ ವಾಷರು ಹಾಕಿ ಗಾಳಿಯ ಒತ್ತಡದಲ್ಲಿ ಪರೀಕ್ಷಿಸಿಯೇ ಮುಚ್ಚಬೇಕು. ಅದಕ್ಕೊಂದು ಯಂತ್ರ ಬೇಕು. ಬಹಳಷ್ಟು ಸಣ್ಣ ಅಂಗಡಿಗಳು ಅದಿಲ್ಲದೆಯೇ ನಡೆಯುತ್ತವೆ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ವಾಚು ರಿಪೇರಿಯ ಅಣ್ಣಂದಿರೇ, ತಾಲೂಕಿಗೊಂದು ಯಂತ್ರವನ್ನಾದರೂ ನಾಲ್ಕು ಜನ ಕೂಡಿ ಕೊಳ್ಳಿ. ವಾಚು ಕೊಡುವ ಮಾವಂದಿರೇ, ಕಟ್ಟುವ ಅಳಿಯಂದಿರೇ, ಮುಂದಿನ ಸಲ ಶೋರೂಮಿಗೆ ಹೋಗುವ ಮೊದಲು ಈ ಅಣ್ಣಂದಿರ ಅಂಗಡಿಯ ಮೆಟ್ಟಿಲು ಹತ್ತಿ "ಯಾವ ವಾಚು ತಂದ್ರ ನೀವು ರಿಪೇರಿ ಮಾಡ್ತೀರಿ?" ಎಂದು ಕೇಳಿ, ಅವರು ಹೇಳಿದ್ದನ್ನು ಕೊಳ್ಳಿ.